ಕುಮಟೆಯ ಹತ್ತಿಯಿಂದ ನೈಲಾನ್ ಬಲೆಯವರೆಗೆ: ಉತ್ತರ ಕನ್ನಡ ಕರಾವಳಿಯಲ್ಲಿ ಪೆಟ್ರೋರಸಾಯನ ಉದ್ದಿಮೆಯ ಪೇಟೆ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿಯ ಹತ್ತಿ ಪೇಟೆಯಲ್ಲಿಯೂ ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿಯೂ 'ಕುಮಟಾ' ಎಂಬುದು ಊರೊಂದರ ಹೆಸರಾಗಿ ಅಲ್ಲ, ಹತ್ತಿಯ ಒಂದು ಬಗೆಯ ಹೆಸರಾಗಿ ಪ್ರಸಿದ್ಧವಾಗಿತ್ತು. ಆ ಹತ್ತಿ ಕುಮಟೆಯಲ್ಲಿ ಬೆಳೆದುದಲ್ಲ. ಧಾರವಾಡ ಸೀಮೆಯ ಎರೆಭೂಮಿಯಲ್ಲಿ ಬೆಳೆದು, ಮೊದಲು ಎತ್ತುಗಳ ಬೆನ್ನ ಮೇಲೆ, ತರುವಾಯ ಬಂಡಿಗಳಲ್ಲಿ, ಶಿರಸಿಯ ಮಾರ್ಗವಾಗಿ ಘಟ್ಟವನ್ನಿಳಿದು ಕುಮಟೆಯ ಬಂದರದಲ್ಲಿ ಹಡಗನ್ನೇರುತ್ತಿದ್ದುದರಿಂದ ಅದಕ್ಕೆ ಆ ಹೆಸರು ಬಂದಿತು. ಇಂದು ಅದೇ ಕುಮಟೆಯ ಅಂಗಡಿಯಲ್ಲಿ ಮೀನುಗಾರನು ಕೊಳ್ಳುವ ಬಲೆಯ ನೂಲು ಹತ್ತಿಯದಲ್ಲ. ಖನಿಜತೈಲದಿಂದ ಹುಟ್ಟಿದ ನೈಲಾನಿನದು. ಒಂದು ಕಾಲಕ್ಕೆ ನಾರನ್ನು ಲೋಕಕ್ಕೆ ಕಳುಹಿಸುತ್ತಿದ್ದ ಕರಾವಳಿಯು ಈಗ ನಾರನ್ನು ಹೊರಗಿನಿಂದ ಕೊಳ್ಳುವ ಕರಾವಳಿಯಾಗಿದೆ. ಈ ಪರಿವರ್ತನೆಯನ್ನು ಭಟ್ಕಳ, ಹೊನ್ನಾವರ, ಕುಮಟಾ ಎಂಬ ಮೂರು ತಾಲೂಕುಗಳಿಗೆ ಸೀಮಿತಗೊಳಿಸಿ ಪರಿಶೀಲಿಸುವುದೂ, ಆ ಮೂಲಕ ಪ್ಲಾಸ್ಟಿಕ್ ಹಾಗೂ ಪೆಟ್ರೋರಸಾಯನ ಉದ್ದಿಮೆಯ ಮುಂದಿನ ಪೇಟೆಯ ಬಗೆಗೆ ಕೆಲವು ಮಾತುಗಳನ್ನು ಹೇಳುವುದೂ ಪ್ರಸ್ತುತ ಲೇಖನದ ಉದ್ದೇಶ.

ಇತಿಹಾಸದ ಅಧ್ಯಾಪಕನಿಗೆ ಪೇಟೆಯ ಭವಿಷ್ಯದ ಗೊಡವೆ ಏಕೆಂದು ವಾಚಕರು ಕೇಳಬಹುದು. ಅರ್ಥಶಾಸ್ತ್ರಜ್ಞರು ಇಂಥ ಭವಿಷ್ಯವನ್ನು ಸಾಮಾನ್ಯವಾಗಿ ತಲಾವಾರು ಬಳಕೆಯ ಅಂಕಿಗಳಿಂದ ನುಡಿಯುತ್ತಾರೆ. 2015ರ ಸುಮಾರಿನ ವಾಣಿಜ್ಯ ಮಂಡಳಿಗಳ ಅಂದಾಜಿನಂತೆ ಭಾರತದಲ್ಲಿ ಒಬ್ಬ ವ್ಯಕ್ತಿಯ ವಾರ್ಷಿಕ ಪ್ಲಾಸ್ಟಿಕ್ ಬಳಕೆ ಸುಮಾರು 11 ಕಿಲೋಗ್ರಾಂ. ಜಗತ್ತಿನ ಸರಾಸರಿ ಸುಮಾರು 28 ಕಿಲೋಗ್ರಾಂ. ಅಮೆರಿಕೆಯದು ನೂರನ್ನು ಮೀರಿದುದು. ಈ ಅಂತರವೇ ಮುಂದಿನ ಪೇಟೆ, ಇದು ತುಂಬುವವರೆಗೆ ಉದ್ದಿಮೆಗೆ ಕೊರತೆಯಿಲ್ಲ ಎಂಬುದು ಅವರ ತರ್ಕ. ತರ್ಕವು ತಪ್ಪಲ್ಲ, ಆದರೆ ಅಪೂರ್ಣ. ಹೊಸ ವಸ್ತುವು ಬರಿದಾದ ಜಾಗಕ್ಕೆ ಬರುವುದಿಲ್ಲ. ಅಲ್ಲಿ ಮೊದಲೇ ಇದ್ದ ಯಾವುದೋ ವಸ್ತುವನ್ನು ಸರಿಸಿ, ಅದರೊಡನೆ ಬದುಕುತ್ತಿದ್ದವರನ್ನೂ ಸರಿಸಿ ಬರುತ್ತದೆ. ಯಾವುದು ಸರಿಯಿತು, ಬೆಲೆಯನ್ನು ಎಲ್ಲಿ ಕುಳಿತವರು ಕಟ್ಟುತ್ತಾರೆ, ಬಳಸಿ ಉಳಿದುದು ಯಾರ ಪಾಲಿಗೆ ಬರುತ್ತದೆ, ಎಂಬೀ ಪ್ರಶ್ನೆಗಳಿಗೆ ತಲಾವಾರು ಅಂಕಿಗಳಲ್ಲಿ ಉತ್ತರವಿಲ್ಲ.

ಮೊದಲಿಗೆ ಹಳೆಯ ಪೇಟೆಯ ಸ್ವರೂಪವನ್ನು ನೋಡೋಣ. ವಿಜಯನಗರದ ಕಾಲದಲ್ಲಿ ಭಟ್ಕಳವು ಕುದುರೆಗಳು ಬಂದಿಳಿಯುವ ಬಂದರವಾಗಿದ್ದಿತು. ಹೊರ್ಮುಜ್ ಕಡೆಯಿಂದ ಕುದುರೆಗಳು ಬರುತ್ತಿದ್ದುವು. ಇಲ್ಲಿಂದ ಅಕ್ಕಿ, ಸಕ್ಕರೆ, ಕಾಳುಮೆಣಸು ಹೋಗುತ್ತಿದ್ದುವು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯನ್ನಾಳಿದ ಚೆನ್ನಭೈರಾದೇವಿಯನ್ನು ಪೋರ್ತುಗೀಜರು ಮೆಣಸಿನ ರಾಣಿಯೆಂದೇ ಕರೆದರು; ಆಕೆಯ ಮೆಣಸಿಗೆ ಶರಾವತಿಯ ಮುಖದಲ್ಲಿರುವ ಹೊನ್ನಾವರವೇ ಹೆಬ್ಬಾಗಿಲು. ಈ ಎಲ್ಲ ವ್ಯಾಪಾರದಲ್ಲಿಯೂ ಒಂದು ಸಮಾನ ಲಕ್ಷಣವಿದೆ. ಘಟ್ಟದ ಮೇಲಾಗಲಿ ಬುಡದಲ್ಲಾಗಲಿ ಬೆಳೆದುದು ಹೊರಗೆ ಹೋಗುತ್ತಿತ್ತು, ಕರಾವಳಿಯು ನಡುವಿನ ದಲ್ಲಾಳಿಯಾಗಿ ತನ್ನ ಪಾಲನ್ನು ಪಡೆಯುತ್ತಿತ್ತು.

ಆ ಪಾಲು ಎಷ್ಟು ಅಸ್ಥಿರವಾದುದೆಂಬುದನ್ನು ಹತ್ತಿಯ ಕಥೆಯೇ ಹೇಳುತ್ತದೆ. 1861ರಿಂದ 1865ರವರೆಗೆ ನಡೆದ ಅಮೆರಿಕೆಯ ಅಂತರ್ಯುದ್ಧದಿಂದ ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ದುರ್ಲಭವಾದಾಗ ಧಾರವಾಡದ ಹತ್ತಿಗೆ ಬಂಗಾರದ ಬೆಲೆ ಬಂದಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದುದರ ಹಿಂದೆಯೂ, ಕಾರವಾರವನ್ನು ಬಂದರವಾಗಿ ಬೆಳೆಸುವ ಯೋಜನೆಯ ಹಿಂದೆಯೂ ಈ ಹತ್ತಿಯ ಹಿತಾಸಕ್ತಿಯೇ ಇದ್ದಿತು. ಆದರೆ ಯುದ್ಧ ಮುಗಿದೊಡನೆ ಬೆಲೆ ಕುಸಿಯಿತು. 1880ರ ದಶಕದ ಕೊನೆಗೆ ದಕ್ಷಿಣ ಮರಾಠಾ ರೈಲ್ವೆಯು ಹುಬ್ಬಳ್ಳಿಯ ಕಡೆಯ ಸರಕನ್ನು ನೇರವಾಗಿ ಮುರ್ಮುಗೋವಾ ಬಂದರಕ್ಕೆ ಒಯ್ಯತೊಡಗಿದ ಮೇಲೆ ಕುಮಟೆಯ ಹೆಸರು ಹತ್ತಿಗೆ ಉಳಿಯಿತು, ಹತ್ತಿ ಕುಮಟೆಗೆ ಉಳಿಯಲಿಲ್ಲ. ಬೆಲೆಯನ್ನು ಲಿವರ್‌ಪೂಲೂ ದಾರಿಯನ್ನು ರೈಲ್ವೆಯೂ ನಿರ್ಣಯಿಸಿದುವು. ಕುಮಟೆಯ ವರ್ತಕರನ್ನು ಯಾರೂ ಕೇಳಲಿಲ್ಲ.

ಇನ್ನು ಬಲೆಯ ವಿಷಯಕ್ಕೆ ಬರೋಣ. ಖಾರ್ವಿ, ಮೊಗೇರ, ಹರಿಕಂತ್ರ, ಅಂಬಿಗ ಮೊದಲಾದ ಸಮಾಜಗಳ ಬಲೆಗಳು ಇಪ್ಪತ್ತನೆಯ ಶತಮಾನದ ಮಧ್ಯದವರೆಗೂ ಹತ್ತಿ ಮತ್ತು ಸೆಣಬಿನ ನೂಲಿನವಾಗಿದ್ದುವು. ಹಗ್ಗಗಳು ತೆಂಗಿನ ಕತ್ತದವು. ತೇಲುಬೆಂಡುಗಳು ಹಗುರಾದ ಮರದವು. ಈ ನಾರುಗಳ ಶತ್ರು ಕೊಳೆತ. ನೀರುಂಡ ಬಲೆ ಭಾರವಾಗುತ್ತದೆ, ಒಣಗಿಸದಿದ್ದರೆ ಹಾಳಾಗುತ್ತದೆ. ಆದುದರಿಂದ ಪ್ರತಿಸಲವೂ ಮರಳಿನ ಮೇಲೆ ಹರವಿ ಒಣಗಿಸುವುದು, ಆಗಾಗ ಮರದ ತೊಗಟೆಯ ಕಷಾಯದಲ್ಲಿ ಅದ್ದಿ ತೆಗೆಯುವುದು ಅನಿವಾರ್ಯವಾಗಿತ್ತು. ನೂಲು ಹೊಸೆಯುವುದು, ಬಲೆ ನೇಯುವುದು, ಹರಿದುದನ್ನು ಕೂಡಿಸುವುದು ಮನೆಮನೆಯ ಕೆಲಸವಾಗಿದ್ದಿತು. ಸಮುದ್ರಕ್ಕೆ ಹೋಗಲಾರದ ಮುದುಕರಿಗೂ ಅದರಲ್ಲಿ ಪಾಲಿತ್ತು.

ನೈಲಾನು ಈ ಎಲ್ಲವನ್ನೂ ಒಂದೇ ತಲೆಮಾರಿನಲ್ಲಿ ಅನವಶ್ಯಕವಾಗಿಸಿತು. ಕೇರಳದ ನೀಂಡಕರದ ಬಳಿ 1950ರ ದಶಕದಲ್ಲಿ ಆರಂಭವಾದ ಇಂಡೋ-ನಾರ್ವೇಜಿಯನ್ ಯೋಜನೆಯೂ, 1957ರಲ್ಲಿ ಕೊಚ್ಚಿಯಲ್ಲಿ ಸ್ಥಾಪಿತವಾದ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯೂ ಪಶ್ಚಿಮ ಕರಾವಳಿಯಲ್ಲಿ ಕೃತಕ ನೂಲಿನ ಬಲೆಗಳನ್ನು ಪ್ರಚಾರಕ್ಕೆ ತಂದುವು. ಇದರ ಗುಣ ನಿಜಕ್ಕೂ ದೊಡ್ಡದು. ನೈಲಾನು ಕೊಳೆಯುವುದಿಲ್ಲ, ನೀರನ್ನು ಅತ್ಯಲ್ಪವಾಗಿ ಹೀರುತ್ತದೆ, ಸಣ್ಣ ನೂಲಿನಲ್ಲಿಯೇ ಹೆಚ್ಚಿನ ಬಲವಿರುವುದರಿಂದ ಬಲೆ ಹಗುರಾಗುತ್ತದೆ, ಮೀನಿನ ಕಣ್ಣಿಗೂ ಅಷ್ಟಾಗಿ ಬೀಳದು. ಅದರ ಸಾಂದ್ರತೆ ನೀರಿಗಿಂತ ಅಧಿಕವಾಗಿ 1.14ರಷ್ಟಿರುವುದರಿಂದ ತಾನಾಗಿ ಮುಳುಗುತ್ತದೆ. ಟ್ರಾಲ್ ಬಲೆಗಳಿಗೆ ಬಳಸುವ ಅಧಿಕ ಸಾಂದ್ರತೆಯ ಪಾಲಿಎಥಿಲೀನ್ 0.95ರಷ್ಟು, ಹಗ್ಗಗಳ ಪಾಲಿಪ್ರೊಪಿಲೀನ್ 0.91ರಷ್ಟು ಸಾಂದ್ರತೆಯವಾಗಿ ತೇಲುತ್ತವೆ. ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಪ್ಲಾಸ್ಟಿಕ್ ಗೊತ್ತಾಯಿತು. ಹಳೆಯ ಬಲೆಯ ಬಗೆಗೆ ಇಂದು ಮರುಗುವವರು ಅದನ್ನು ಮಳೆಗಾಲದ ಮೋಡದ ಕೆಳಗೆ ಒಣಗಿಸಿ ನೋಡಿದವರಲ್ಲವೆಂಬುದನ್ನು ಹೇಳಲೇಬೇಕು.

ಆದರೆ ಹೊಸ ನೂಲು ಬಲೆಯನ್ನಷ್ಟೇ ಬದಲಿಸಲಿಲ್ಲ, ಬಲೆಯ ಒಡೆತನವನ್ನೂ ಬದಲಿಸಿತು. ಈ ಕರಾವಳಿಯ ಪ್ರಸಿದ್ಧ ರಂಪಣಿಯು ದಡದಿಂದ ಎಳೆಯುವ ಬೃಹತ್ ಬಲೆ. ಬಂಗಡೆಯ ಹಿಂಡು ದಡ ಸಮೀಪಿಸಿದಾಗ ದೋಣಿಯಲ್ಲಿ ಸುತ್ತುಗಟ್ಟಿ, ಹತ್ತಾರು ಜನರು ಎರಡು ಕೊನೆಗಳಿಂದ ಎಳೆಯಬೇಕು. ಒಬ್ಬನಿಂದ ಆಗದ ಕೆಲಸವಾದುದರಿಂದ ಸದಸ್ಯರು ತಮ್ಮ ತಮ್ಮ ಬಲೆಯ ತುಂಡುಗಳನ್ನು ಕೂಡಿಸಿ ಒಂದು ರಂಪಣಿ ಮಾಡಿ, ಬಂದ ಮೀನನ್ನು ಪಾಲು ಹಂಚಿಕೊಳ್ಳುವ ರೂಢಿಯಿತ್ತು. 1970ರ ದಶಕದ ಮಧ್ಯದಲ್ಲಿ ಯಂತ್ರದ ದೋಣಿಯಿಂದ ಬೀಸುವ ಪರ್ಸೀನ್ ಬಲೆ ಕರ್ನಾಟಕಕ್ಕೆ ಬಂದಿತು. ಹಿಂಡು ದಡಕ್ಕೆ ಬರುವವರೆಗೆ ಕಾಯುವ ಅಗತ್ಯ ಇದಕ್ಕಿಲ್ಲ. ಆಳದಲ್ಲಿಯೇ ಸುತ್ತಿ ಹಿಡಿಯುತ್ತದೆ. ಅಷ್ಟು ದೊಡ್ಡ ಬಲೆಯನ್ನು ದೋಣಿಯ ಮೇಲೆ ಹೇರಿಕೊಂಡು ಹೋಗುವುದು ನೀರುಂಡ ಹತ್ತಿಯ ನೂಲಿನಿಂದ ಸಾಧ್ಯವಿರಲಿಲ್ಲ. ರಂಪಣಿಯನ್ನು ನೈಲಾನು ಕೊಂದಿತೆನ್ನುವುದು ಸರಳೀಕರಣ. ಕೊಂದುದು ಯಂತ್ರ, ಸಾಲ ಮತ್ತು ನೈಲಾನು ಮೂರೂ ಕೂಡಿದ ಶಕ್ತಿ. ರಂಪಣಿಯವರಿಗೂ ಪರ್ಸೀನಿನವರಿಗೂ ನಡೆದ ಸಂಘರ್ಷದ ತರುವಾಯ ರಂಪಣಿ ಕೆಲವೇ ವರ್ಷಗಳಲ್ಲಿ ಹಿಂದೆ ಬಿದ್ದಿತು. ಬಲೆಯ ತುಂಡು ತಂದು ಪಾಲುದಾರನಾಗಿದ್ದವನು ಬೇರೊಬ್ಬನ ದೋಣಿಯಲ್ಲಿ ಪಾಲುಗೂಲಿಯಾದನು.

ಬೆಲೆಯ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ. ಬಲೆಯ ನೈಲಾನಿನ ವಂಶಾವಳಿ ಹೀಗಿದೆ: ಖನಿಜತೈಲದಿಂದ ನಾಫ್ತಾ, ಅದರಿಂದ ಬೆಂಜೀನ್, ಅದರಿಂದ ಹಲವು ಕ್ರಿಯೆಗಳ ಮೂಲಕ ಕ್ಯಾಪ್ರೊಲ್ಯಾಕ್ಟಂ, ಅದರಿಂದ ನೈಲಾನ್-6, ಕೊನೆಗೆ ನೂಲು ಮತ್ತು ಬಲೆ. ಕ್ಯಾಪ್ರೊಲ್ಯಾಕ್ಟಂ 1970ರ ದಶಕದಿಂದ ಗುಜರಾತಿನ ಬಡೋದೆಯಲ್ಲಿಯೂ, 1990ರಿಂದ ಕೇರಳದ ಉದ್ಯೋಗಮಂಡಲದಲ್ಲಿಯೂ ತಯಾರಾಗಿದೆ; ಆದರೆ ಕಾರಖಾನೆ ಎಲ್ಲಿಯೇ ಇರಲಿ, ಮೂಲದ್ರವ್ಯದ ಬೆಲೆ ತೈಲದ ಬೆಲೆಯ ಬೆನ್ನುಹತ್ತಿ ಹೋಗುತ್ತದೆ. 1973ರ ಅಕ್ಟೋಬರಿನಲ್ಲಿ ಬ್ಯಾರಲಿಗೆ ಸುಮಾರು 3 ಡಾಲರಿದ್ದ ತೈಲವು 1974ರ ಆರಂಭಕ್ಕೆ 12 ಡಾಲರುಗಳ ಸಮೀಪಕ್ಕೇರಿತು. ಭಟ್ಕಳದಲ್ಲಿ ಇದು ಎರಡು ವಿರುದ್ಧ ಫಲಗಳನ್ನು ಕೊಟ್ಟಿತೆಂಬುದು ಇತಿಹಾಸದ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿ. ತೈಲದ ಹಣದಿಂದ ಕೊಲ್ಲಿಯ ನಗರಗಳು ಬೆಳೆದಂತೆ ಭಟ್ಕಳದ ನವಾಯತ ಮನೆತನಗಳ ಅನೇಕರು ದುಬೈ ಮೊದಲಾದ ಕಡೆ ಉದ್ಯೋಗ-ವ್ಯಾಪಾರಕ್ಕೆ ಹೋಗಿ ಊರಿಗೆ ಹಣ ಕಳುಹಿಸಿದರು. ಪೇಟೆ ಬೆಳೆಯಿತು, ಮನೆಗಳು ಎದ್ದುವು. ಅದೇ ತಾಲೂಕಿನ ಕಡಲಂಚಿನಲ್ಲಿ ಡೀಸೆಲನ್ನೂ ಬಲೆಯನ್ನೂ ಕೊಳ್ಳುವವನು ಅದೇ ಬೆಲೆಯೇರಿಕೆಗೆ ತೆರಬೇಕಾಯಿತು. ಕುದುರೆಗಳು ಬಂದ ಹೊರ್ಮುಜಿನ ದಾರಿಯಲ್ಲಿಯೇ ಈಗ ತೈಲವೂ ಬರುತ್ತದೆ. ಆದರೆ ಕುದುರೆಗೆ ಪ್ರತಿಯಾಗಿ ಕೊಡಲು ಮೆಣಸಿದ್ದಿತು.

ದೇಶದ ಉದ್ದಿಮೆಯ ಬೆಳವಣಿಗೆಯನ್ನು ಇಲ್ಲಿ ಸಂಕ್ಷೇಪವಾಗಿ ನೆನೆದರೆ ಸಾಕು. 1959ರಲ್ಲಿ ಬಂಗಾಲದ ರಿಶ್ರಾದಲ್ಲಿ ಆರಂಭವಾದ ಪಾಲಿಎಥಿಲೀನ್ ತಯಾರಿಕೆಗೆ ಕಬ್ಬಿನ ಕಾಕಂಬಿಯ ಮದ್ಯಸಾರವೇ ಮೂಲವಾಗಿತ್ತು. ಅಂದರೆ ನಮ್ಮ ಪ್ಲಾಸ್ಟಿಕ್ ಒಂದು ಕಾಲಕ್ಕೆ ಹೊಲದಿಂದಲೇ ಬಂದಿತ್ತು. 1960ರ ದಶಕದಲ್ಲಿ ಮುಂಬಯಿಯ ಸುತ್ತಣ ಕಾರಖಾನೆಗಳು ನಾಫ್ತಾವನ್ನು ಒಡೆಯತೊಡಗಿದುವು. 1969ರಲ್ಲಿ ಸರಕಾರಿ ವಲಯದ ಇಂಡಿಯನ್ ಪೆಟ್ರೋಕೆಮಿಕಲ್ಸ್ ಸಂಸ್ಥೆ ಹುಟ್ಟಿತು. 1991ರ ಆರ್ಥಿಕ ಉದಾರೀಕರಣದ ಅನಂತರ ಹಜೀರಾ, ಜಾಮನಗರಗಳ ಖಾಸಗಿ ಸಂಕೀರ್ಣಗಳು ಮುಂದೆ ಬಂದುವು. ಕರ್ನಾಟಕದ ಮಟ್ಟಿಗೆ ಮುಖ್ಯವಾದುದು ಮಂಗಳೂರಿನ ತೈಲ ಶುದ್ಧೀಕರಣ ಸ್ಥಾವರ. 1996ರಲ್ಲಿ ಉತ್ಪಾದನೆ ಆರಂಭಿಸಿದ ಇದು 2015ರಲ್ಲಿ ವರ್ಷಕ್ಕೆ 4.4 ಲಕ್ಷ ಟನ್ ಸಾಮರ್ಥ್ಯದ ಪಾಲಿಪ್ರೊಪಿಲೀನ್ ಘಟಕವನ್ನು ಪಡೆಯಿತು. ಭಟ್ಕಳದಿಂದ ಕೆಲವೇ ಗಂಟೆಗಳ ಹಾದಿಯಲ್ಲಿ ಹಗ್ಗದ ಮೂಲದ್ರವ್ಯ ತಯಾರಾಗುತ್ತಿದೆ; ಆದರೆ ಕುಮಟೆಯ ಹತ್ತಿಯಂತೆ ಅದೂ ಈ ಊರುಗಳನ್ನು ದಾಟಿಹೋಗುವ ಸರಕು. ಹತ್ತಿರದಲ್ಲಿದ್ದ ಮಾತ್ರಕ್ಕೆ ಪಾಲು ದೊರೆಯುವುದಿಲ್ಲ.

ಮುಂದಿನ ಬೇಡಿಕೆ ಎಲ್ಲಿಂದ ಬರುತ್ತದೆ? ಬಲೆಯಲ್ಲಿ ಹಳೆಯ ನಾರು ಪೂರ್ತಿಯಾಗಿ ಸರಿದುಹೋಗಿರುವುದರಿಂದ ಅಲ್ಲಿ ಇನ್ನು ಹಳತನ್ನು ಬದಲಿಸುವ ಬೇಡಿಕೆಯೇ ಮುಖ್ಯ. ವಿಸ್ತಾರಕ್ಕೆ ಅವಕಾಶವಿರುವುದು ಬೇರೆಡೆ: ಮೀನಿನ ಪೆಟ್ಟಿಗೆಗಳು, ಮರದ ಬದಲು ಗಾಜಿನ ನಾರು ಮತ್ತು ರಾಳದಿಂದ ಮಾಡುವ ದೋಣಿಗಳು, ತೋಟದ ನೀರಿನ ಕೊಳವೆಗಳು. ಕೊಳವೆಯ ಮೂಲದ್ರವ್ಯವಾದ ಪಿವಿಸಿಯಲ್ಲಿ ದೇಶವು ತನ್ನ ಅಗತ್ಯದ ಅರ್ಧಕ್ಕಿಂತ ಹೆಚ್ಚನ್ನು ಆಮದು ಮಾಡಿಕೊಳ್ಳುತ್ತಿದೆ. ಅಡಕೆಯ ಕೊನೆಗೆ ಕೊಳೆರೋಗ ಬಾರದಂತೆ ಹಿಂದೆ ಕರಡದ ಹುಲ್ಲಿನ ಕೊಟ್ಟೆ ಕಟ್ಟುತ್ತಿದ್ದರು; ಅದರ ಸ್ಥಾನಕ್ಕೆ ಪ್ಲಾಸ್ಟಿಕ್ ಕೊಟ್ಟೆ ಬಂದುದು ರಂಪಣಿಯ ಕಥೆಯ ಸಣ್ಣ ಪ್ರತಿರೂಪ. ಅಂತರರಾಷ್ಟ್ರೀಯ ಇಂಧನ ಸಂಸ್ಥೆಯು 2018ರ ವರದಿಯಲ್ಲಿ, 2030ರವರೆಗಿನ ತೈಲ ಬೇಡಿಕೆಯ ಹೆಚ್ಚಳದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಪೆಟ್ರೋರಸಾಯನಗಳಿಂದಲೇ ಬರುವುದೆಂದು ಅಂದಾಜಿಸಿತು. ವಾಹನಗಳು ವಿದ್ಯುತ್ತಿನತ್ತ ಹೊರಳಿದಷ್ಟೂ ತೈಲದ ಒಡೆಯರು ಪ್ಲಾಸ್ಟಿಕ್ಕಿನತ್ತ, ಅಂದರೆ ನಮ್ಮಂಥ ಬೆಳೆಯುತ್ತಿರುವ ದೇಶಗಳ ಪೇಟೆಯತ್ತ, ನೋಡುತ್ತಾರೆ. ಪ್ಲಾಸ್ಟಿಕ್ ಮಾಲಿನ್ಯದ ಬಗೆಗಿನ ಜಾಗತಿಕ ಒಪ್ಪಂದದ ಮಾತುಕತೆ 2025ರ ಆಗಸ್ಟಿನಲ್ಲಿ ಜಿನೀವಾದಲ್ಲಿ ಫಲಕಾರಿಯಾಗದೆ ಮುಗಿಯಲು, ಉತ್ಪಾದನೆಗೇ ಮಿತಿ ಹಾಕಬೇಕೆಂಬ ಮಾತನ್ನು ತೈಲ ರಾಷ್ಟ್ರಗಳು ಒಪ್ಪದಿದ್ದುದು ಒಂದು ಮುಖ್ಯ ಕಾರಣ.

ಉಳಿದುದು ತ್ಯಾಜ್ಯದ ಲೆಕ್ಕ. ಕರ್ನಾಟಕ ಸರಕಾರವು 2016ರ ಮಾರ್ಚಿನಲ್ಲಿ ಕೈಚೀಲ ಮೊದಲಾದುವನ್ನೂ, ಕೇಂದ್ರ ಸರಕಾರವು 2022ರ ಜುಲೈ 1ರಿಂದ ಗೊತ್ತುಪಡಿಸಿದ ಏಕಬಳಕೆಯ ವಸ್ತುಗಳನ್ನೂ ನಿಷೇಧಿಸಿದುವು. 2022ರ ಫೆಬ್ರವರಿಯಲ್ಲಿ ತಯಾರಕರ ಮೇಲೆ ಹೊರಿಸಲಾದ ಹೊಣೆಯು ಪ್ಯಾಕಿಂಗಿನ ಪ್ಲಾಸ್ಟಿಕ್ಕಿಗೆ ಸಂಬಂಧಿಸಿದುದು. ಬಲೆ ಆ ವರ್ಗಗಳಲ್ಲಿ ಬರುವುದಿಲ್ಲ. ಕೊಳೆಯದಿರುವುದೇ ನೈಲಾನಿನ ಗುಣವಾದುದರಿಂದ ಕಡಲಲ್ಲಿ ಕಳೆದುಹೋದ ಬಲೆ ಒಡೆಯನಿಲ್ಲದೆಯೂ ಮೀನನ್ನು ಹಿಡಿಯುತ್ತ, ಕೊಲ್ಲುತ್ತ ಇರುತ್ತದೆ. ಆ ನಷ್ಟ ತಯಾರಕನ ಲೆಕ್ಕಪುಸ್ತಕದಲ್ಲಿಲ್ಲ, ಮುಂದಿನ ವರ್ಷದ ಬಂಗಡೆಯ ಲೆಕ್ಕದಲ್ಲಿದೆ.

ಆದರೆ ಈ ಹಳೆಯ ಬಲೆಯಲ್ಲಿಯೇ ಕರಾವಳಿಯು ಮತ್ತೆ ಮಾರುವವನಾಗುವ ಒಂದು ಸಣ್ಣ ಅವಕಾಶವಿದೆಯೆಂದು ನನಗೆ ತೋರುತ್ತದೆ. ನೈಲಾನ್-6 ಅನ್ನು ರಾಸಾಯನಿಕವಾಗಿ ಒಡೆದು ಪುನಃ ಕ್ಯಾಪ್ರೊಲ್ಯಾಕ್ಟಂ ಆಗಿಸಬಹುದು. ಸ್ಲೊವೇನಿಯದ ಲ್ಯೂಬ್ಲಿಯಾನಾದಲ್ಲಿ 2011ರಿಂದ ಹಳೆಯ ಬಲೆಗಳೂ ಸೇರಿದಂತೆ ಇಂಥ ತ್ಯಾಜ್ಯದಿಂದ ಹೊಸ ನೂಲನ್ನು ತೆಗೆಯುತ್ತಿದ್ದಾರೆ. ಬೇರೆ ಬೇರೆ ಪ್ಲಾಸ್ಟಿಕ್ಕುಗಳು ಬೆರೆತ ರಾಶಿಗೆ ಬೆಲೆಯಿಲ್ಲ, ವಿಂಗಡಿಸಿದ ನೈಲಾನಿಗೆ ಬೆಲೆಯಿದೆ. ವಿಂಗಡಿಸಲು ಪ್ರಯೋಗಶಾಲೆ ಬೇಕಿಲ್ಲ. ತೊಳೆದ ತುಂಡುಗಳನ್ನು ಒಂದು ತೊಟ್ಟಿ ನೀರಿಗೆ ಹಾಕಿದರೆ ನೈಲಾನು ಮುಳುಗುತ್ತದೆ, ಹಗ್ಗ ಮತ್ತು ಟ್ರಾಲ್ ಬಲೆಯ ನೂಲು ತೇಲುತ್ತವೆ. ಹೊನ್ನಾವರದ ಕಾಸರಕೋಡ ಟೊಂಕದಲ್ಲಿ ಬಲೆ ಕೂಡಿಸಲು ಕುಳಿತವರಿಗೆ ಆ ತೊಟ್ಟಿಯೂ ಬೇಕಾಗಲಾರದು. ನೂಲನ್ನು ಬೆರಳಿನಲ್ಲಿ ಹಿಡಿದೇ ಅವರು ಯಾವುದು ಯಾವುದೆಂದು ಹೇಳಬಲ್ಲರು.