ತಂತ್ರಾಂಶ ರಚನಾವಿನ್ಯಾಸದ ದಾಖಲೀಕರಣ ಮತ್ತು ನಿಗಾ

ಒಂದು ದೊಡ್ಡ ತಂತ್ರಾಂಶದಲ್ಲಿ ಯಾವ ಯಾವ ಭಾಗಗಳಿವೆ, ಅವು ಒಂದನ್ನೊಂದು ಹೇಗೆ ಅವಲಂಬಿಸಿವೆ ಎಂಬ ಒಟ್ಟು ವ್ಯವಸ್ಥೆಗೆ ತಂತ್ರಾಂಶ ರಚನಾವಿನ್ಯಾಸ ಅಥವಾ ಸಾಫ್ಟ್‌ವೇರ್ ಆರ್ಕಿಟೆಕ್ಚರ್ ಎಂದು ಹೆಸರು. ಅದನ್ನು ನಕ್ಷೆ ಮತ್ತು ಬರಹದಲ್ಲಿ ನಮೂದಿಸುವುದು ದಾಖಲೀಕರಣ. ತಂತ್ರಾಂಶವು ನಡೆಯುತ್ತಿರುವಾಗ ಅದರ ಸ್ಥಿತಿಗತಿಯನ್ನು ಅಳೆಯುತ್ತಿರುವುದು ನಿಗಾ. ವ್ಯವಸ್ಥೆ ಹೇಗಿರಬೇಕೆಂಬುದನ್ನು ದಾಖಲೆ ತಿಳಿಸಿದರೆ, ಸದ್ಯಕ್ಕೆ ಹೇಗಿದೆಯೆಂಬುದನ್ನು ನಿಗಾ ತಿಳಿಸುತ್ತದೆ.

ಕರ್ನಾಟಕದ ಉದಾಹರಣೆ

ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಗಣಕೀಕರಿಸಿದ ‘ಭೂಮಿ’ ಯೋಜನೆಯಲ್ಲಿ ಮೊದಲು ಆಯಾ ತಾಲ್ಲೂಕು ಕಚೇರಿಯಲ್ಲೇ ಗಣಕಯಂತ್ರವಿತ್ತು. ಅದು ಕೆಟ್ಟರೆ ಆ ತಾಲ್ಲೂಕಿನ ಕೆಲಸ ಮಾತ್ರ ನಿಲ್ಲುತ್ತಿತ್ತು. ಮುಂದೆ ದತ್ತಾಂಶವು ಕೇಂದ್ರೀಕೃತವಾಯಿತು. ನೋಂದಣಿ ಇಲಾಖೆಯ ‘ಕಾವೇರಿ’, ಭೂಮಾಪನ ಇಲಾಖೆಯ ‘ಮೋಜಿಣಿ’ ತಂತ್ರಾಂಶಗಳು ಅದರೊಂದಿಗೆ ಜೋಡಣೆಗೊಂಡವು. ಇಂದು ಬಿಡದಿ ಹೋಬಳಿಯ ರೈತರೊಬ್ಬರು ಜಮೀನಿನ ಒಂದು ಭಾಗವನ್ನು ಮಾರಬೇಕಾದರೆ ಮೋಜಿಣಿಯ ಮೂಲಕ 11ಇ ನಕ್ಷೆ ಪಡೆಯಬೇಕು. ಕ್ರಯಪತ್ರವು ಕಾವೇರಿಯಲ್ಲಿ ನೋಂದಣಿಯಾಗಿ, ಮಾಹಿತಿಯು ಭೂಮಿಗೆ ರವಾನೆಯಾದ ಬಳಿಕವಷ್ಟೇ ಹಕ್ಕು ಬದಲಾವಣೆಯ ಕೆಲಸ ಆರಂಭವಾಗುತ್ತದೆ. ಇವುಗಳಲ್ಲಿ ಯಾವುದು ನಿಂತರೂ ಕಚೇರಿಯಲ್ಲಿ ಕೇಳಿಬರುವುದು ‘ಸರ್ವರ್ ಇಲ್ಲ’ ಎಂಬ ಒಂದೇ ಮಾತು. ಯಾವ ಸರ್ವರ್, ಯಾವ ಕೊಂಡಿ ಎಂಬುದಕ್ಕೆ ಉತ್ತರ ದೊರೆಯದಿದ್ದರೆ ದುರಸ್ತಿಯೂ ಆರಂಭವಾಗದು.

ದಾಖಲೀಕರಣ

ಒಂದೇ ನಕ್ಷೆ ಎಲ್ಲರಿಗೂ ಸಾಲದೆಂದು ಫಿಲಿಪ್ ಕ್ರುಖ್ಟೆನ್ 1995ರಲ್ಲಿ ‘4+1’ ನೋಟಗಳ ಮಾದರಿಯನ್ನು ಪ್ರಕಟಿಸಿದರು. ಸೈಮನ್ ಬ್ರೌನ್ ರೂಪಿಸಿದ ‘ಸಿ4’ ಮಾದರಿಯು ಜಿಲ್ಲೆಯ ನಕಾಶೆಯಿಂದ ಗ್ರಾಮ ನಕಾಶೆಗೆ ಇಳಿಯುವಂತೆ ನಾಲ್ಕು ಹಂತಗಳಲ್ಲಿ ಸೂಕ್ಷ್ಮವಾಗುತ್ತ ಹೋಗುತ್ತದೆ. ನಕ್ಷೆಗಿಂತಲೂ ಬೇಗ ಮರೆತುಹೋಗುವುದು ಕಾರಣ. ಆದ್ದರಿಂದ 2011ರಲ್ಲಿ ಮೈಕೆಲ್ ನೈಗಾರ್ಡ್, ಪ್ರತಿಯೊಂದು ಮುಖ್ಯ ತೀರ್ಮಾನದ ಸಂದರ್ಭ ಮತ್ತು ಪರಿಣಾಮಗಳನ್ನು ಒಂದೆರಡು ಪುಟಗಳಲ್ಲಿ ಬರೆದಿಡುವ ಕ್ರಮವನ್ನು ಸೂಚಿಸಿದರು.

ದಾಖಲೆಗಳ ದೊಡ್ಡ ದೋಷವೆಂದರೆ ಅವು ಹಳತಾಗುವುದು. ಪೌತಿ ಖಾತೆ ಮಾಡಿಸದ ಮನೆಗಳಲ್ಲಿ ತಾತ ತೀರಿಕೊಂಡು ಎಷ್ಟೋ ವರ್ಷಗಳಾದರೂ ಪಹಣಿ ಅವರ ಹೆಸರಿನಲ್ಲೇ ಇರುತ್ತದೆ, ಉಳುವವರು ಮೊಮ್ಮಕ್ಕಳು. ಅಂತೆಯೇ ಎಂದೋ ನಿಲ್ಲಿಸಿದ ಸರ್ವರ್ ನಕ್ಷೆಯಲ್ಲಿ ಉಳಿದಿರುತ್ತದೆ, ಹೊಸದಾಗಿ ಸೇರಿದ್ದು ಕಾಣಿಸುವುದಿಲ್ಲ. ಇಂತಹ ನಕ್ಷೆ ತುರ್ತು ವೇಳೆಯಲ್ಲಿ ದಾರಿತಪ್ಪಿಸುವುದರಿಂದ, ನಕ್ಷೆಯೇ ಇಲ್ಲದಿರುವುದಕ್ಕಿಂತ ಕೆಲವೊಮ್ಮೆ ಹೆಚ್ಚು ಅಪಾಯಕಾರಿ.

ನಿಗಾ

ನಿಗಾ ಮುಖ್ಯವಾಗಿ ಮೂರು ಬಗೆಯ ಮಾಹಿತಿಯನ್ನು ಆಧರಿಸಿದೆ. ಘಟನೆಗಳನ್ನು ವೇಳೆಸಹಿತ ಬರೆದಿಡುವ ದಿನಚರಿ ‘ಲಾಗ್’; ಬೇಡಿಕೆಗಳ ಸಂಖ್ಯೆ, ವಿಳಂಬ ಮುಂತಾದ ಅಳತೆಗಳು ‘ಮೆಟ್ರಿಕ್’; ಒಂದೇ ಬೇಡಿಕೆ ಯಾವ ಯಾವ ಭಾಗಗಳನ್ನು ಹಾದುಹೋಯಿತೆಂಬ ಹೆಜ್ಜೆಗುರುತು ‘ಟ್ರೇಸ್’. ಹೆಜ್ಜೆಗುರುತಿನ ವಿಧಾನವು ಗೂಗಲ್ 2010ರಲ್ಲಿ ಪ್ರಕಟಿಸಿದ ‘ಡ್ಯಾಪರ್’ ಪ್ರಬಂಧದಿಂದ ವ್ಯಾಪಕವಾಯಿತು. 2019ರಲ್ಲಿ ಎರಡು ಯೋಜನೆಗಳು ಕೂಡಿ ರೂಪುಗೊಂಡ ‘ಓಪನ್‌ಟೆಲಿಮೆಟ್ರಿ’ ಈ ಮಾಹಿತಿ ಸಂಗ್ರಹಕ್ಕೆ ಮುಕ್ತ ಮಾನಕವನ್ನು ಒದಗಿಸಿದೆ.

ಎಚ್ಚರಿಕೆಯ ಕ್ರಮವನ್ನು ಕಾರ್ಖಾನೆಯ ಹೋಲಿಕೆಯಿಂದ ಗ್ರಹಿಸಬಹುದು. ಬಿಡದಿಯಲ್ಲಿ 1999ರಿಂದ ಕಾರು ತಯಾರಿಸುತ್ತಿರುವ ಸಂಸ್ಥೆಯ ಮೂಲವಾದ ಜಪಾನಿನ ಟೊಯೊಟಾದ ಉತ್ಪಾದನಾ ಪದ್ಧತಿಯಲ್ಲಿ, ದೋಷ ಕಂಡ ಕೆಲಸಗಾರ ಹಗ್ಗ ಎಳೆದರೆ ‘ಆಂಡಾನ್’ ಫಲಕದಲ್ಲಿ ಆ ಸ್ಥಳದ ದೀಪ ಹೊತ್ತಿಕೊಳ್ಳುತ್ತದೆ. ದಿನವಿಡೀ ಹೊತ್ತಿಕೊಂಡೇ ಇರುವ ದೀಪವನ್ನು ಯಾರೂ ನೋಡುವುದಿಲ್ಲವಾದ್ದರಿಂದ, ಯಾವುದಕ್ಕೆ ಎಚ್ಚರಿಸಬಾರದು ಎಂಬುದನ್ನೂ ಮೊದಲೇ ನಿರ್ಧರಿಸಬೇಕಾಗುತ್ತದೆ.

2025ರ ಆರಂಭದಲ್ಲಿ ‘ಕಾವೇರಿ 2.0’ ತಂತ್ರಾಂಶವು ನಿಧಾನಗೊಂಡು ರಾಜ್ಯದಾದ್ಯಂತ ನೋಂದಣಿಗೆ ಅಡ್ಡಿಯಾಯಿತು. ಋಣಭಾರ ಪ್ರಮಾಣಪತ್ರ ಹುಡುಕುವ ಸೌಲಭ್ಯದ ಮೇಲೆ ಸ್ವಯಂಚಾಲಿತ ಬೇಡಿಕೆಗಳನ್ನು ಸುರಿಸಿದ ದಾಳಿ ಇದಾಗಿತ್ತೆಂದು ಆಮೇಲೆ ಪತ್ತೆಯಾಗಿ, ಸೈಬರ್ ಅಪರಾಧ ಪೊಲೀಸರಿಗೆ ದೂರು ಸಲ್ಲಿಕೆಯಾಯಿತು. ಇಂತಹ ಸಂದರ್ಭದಲ್ಲಿ ಸರ್ವರಿನ ಒಟ್ಟು ಹೊರೆಯನ್ನು ಮಾತ್ರ ಅಳೆದರೆ ದಾಳಿಗೂ ಜನಸಂದಣಿಗೂ ವ್ಯತ್ಯಾಸ ತಿಳಿಯದು. ಯಾವ ಖಾತೆಯಿಂದ, ಯಾವ ಸೇವೆಗೆ, ಎಷ್ಟು ಬೇಡಿಕೆ ಬಂತೆಂಬ ವಿವರ ಬೇಕು.

ಎರಡರ ಜೋಡಣೆ

ಹೆಜ್ಜೆಗುರುತುಗಳಿಂದ ಸೇವೆಗಳ ನಕ್ಷೆಯನ್ನು ತಾನಾಗಿ ರಚಿಸುವ ಸಾಧನಗಳಿವೆ. ಆ ನಕ್ಷೆಯನ್ನು ಬರೆದಿಟ್ಟ ನಕ್ಷೆಯೊಡನೆ ಹೋಲಿಸಿದಾಗ, ದಾಖಲೆಯಲ್ಲಿಲ್ಲದ ಕೊಂಡಿಗಳೂ ಬಳಕೆ ತಪ್ಪಿದ ಭಾಗಗಳೂ ಹೊರಬೀಳುತ್ತವೆ. ಆದರೆ ಒಂದು ಕೊಂಡಿಯನ್ನು ಏಕೆ ಹಾಕಲಾಯಿತೆಂಬುದನ್ನು ಯಾವ ಸಾಧನವೂ ಊಹಿಸಲಾರದು. ಅದನ್ನು ಹಾಕಿದವರೇ ಬರೆದಿಡಬೇಕು.