ಮೈದಾನ ಬಿಟ್ಟರೆ 4 ಕೋಟಿ

2023ರ ಮಾರ್ಚ್ 3, ಬೆಂಗಳೂರಿನ ಕಂಠೀರವ ಕ್ರೀಡಾಂಗಣ, ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಫುಟ್‌ಬಾಲ್‌ನ ನಾಕೌಟ್ ಪಂದ್ಯ. ಹೆಚ್ಚುವರಿ ಅವಧಿಯ 96ನೇ ನಿಮಿಷದಲ್ಲಿ, ಎದುರಾಳಿಗಳು ಗೋಡೆ ಕಟ್ಟಿಕೊಳ್ಳುವ ಮೊದಲೇ ಬೆಂಗಳೂರು ಎಫ್‌ಸಿಯ ಸುನಿಲ್ ಚೆಟ್ರಿ ಫ್ರೀ ಕಿಕ್ ಒದ್ದರು, ರೆಫರಿ ಗೋಲ್ ಕೊಟ್ಟರು. ಸಿಟ್ಟಿಗೆದ್ದ ಕೇರಳ ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನು ಹೊರಗೆ ಕರೆದೊಯ್ದರು. ಪಂದ್ಯ ಬೆಂಗಳೂರಿನ ಪಾಲಾಯಿತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಬ್ಲಾಸ್ಟರ್ಸ್ ಕ್ಲಬ್ಬಿಗೆ 4 ಕೋಟಿ ರೂಪಾಯಿ ದಂಡ ಹಾಕಿತು, ಬಹಿರಂಗ ಕ್ಷಮೆ ಕೇಳದಿದ್ದರೆ 6 ಕೋಟಿ. ಕೋಚ್‌ಗೆ 5 ಲಕ್ಷ ದಂಡ, 10 ಪಂದ್ಯಗಳ ನಿಷೇಧ.

ರೆಫರಿಯೇ ತಪ್ಪು ಮಾಡಿದ್ದರೆ? ಅಭಿಮಾನಿಗಳ ಈ ಪ್ರಶ್ನೆ ನ್ಯಾಯವಾದದ್ದೇ. ಆದರೆ ಶಿಕ್ಷೆಯಾದದ್ದು ಗೋಲಿನ ಬಗ್ಗೆ ವಾದಿಸಿದ್ದಕ್ಕಲ್ಲ, ಆಟ ಬಿಟ್ಟು ನಡೆದದ್ದಕ್ಕೆ. ಆಡಿ ಮುಗಿಸಿ ದೂರು ಕೊಡುವ ದಾರಿ ಇತ್ತು. ಟಿಕೆಟ್ ಕೊಂಡವರು, ಪ್ರಸಾರದ ಹಕ್ಕಿಗೆ ಹಣ ಸುರಿದವರು, ಪ್ರಾಯೋಜಕರು ಎಲ್ಲರೂ ದುಡ್ಡು ಕೊಟ್ಟದ್ದು ಪೂರ್ತಿ ಪಂದ್ಯಕ್ಕೆ. ದಂಡ ವಿಪರೀತ ಎನ್ನುವವರು 2012ರ ಕೋಲ್ಕತ್ತ ಡರ್ಬಿ ನೆನೆಯಲಿ: ಅರ್ಧಕ್ಕೇ ಆಟ ಬಿಟ್ಟ ಮೋಹನ್ ಬಾಗಾನ್‌ಗೆ ಮೊದಲು ಬಿದ್ದದ್ದು ಐ-ಲೀಗ್‌ನಿಂದಲೇ ನಿಷೇಧ, ಅದು ರದ್ದಾದಾಗ 2 ಕೋಟಿ ದಂಡ ತೆರಬೇಕಾಯಿತು, ಗಳಿಸಿದ್ದ ಅಂಕಗಳೂ ಹೋದವು. ಬ್ಲಾಸ್ಟರ್ಸ್ ಲೀಗ್‌ನಲ್ಲಾದರೂ ಉಳಿಯಿತು! ಕ್ಷಮೆ ಕೇಳಿದ ಕ್ಲಬ್ ದಂಡದ ವಿರುದ್ಧ ಮೇಲ್ಮನವಿಗೂ ಹೋಯಿತು. ಫೆಡರೇಷನ್ನಿನ ಮೇಲ್ಮನವಿ ಸಮಿತಿ ಅದನ್ನು ಒಪ್ಪಲಿಲ್ಲ.