ಸಲಾಹುದ್ದೀನರ ಜನಾಂಗಕ್ಕೆ ಏನಾಯಿತು?



1187ರಲ್ಲಿ ಬೈತುಲ್ ಮುಕದ್ದಸನ್ನು ಮರಳಿ ಪಡೆದ ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿಯವರ ಹೆಸರು ನಮ್ಮ ಮಕ್ಕಳಿಗೂ ಗೊತ್ತು. ಆದರೆ ಅವರು ಅರಬರಲ್ಲ, ಕುರ್ದರು. ಆ ಜನಾಂಗಕ್ಕೆ ಇಂದಿಗೂ ಸ್ವಂತ ದೇಶವಿಲ್ಲ.

ತುರ್ಕಿ, ಇರಾನ್, ಇರಾಕ್ ಮತ್ತು ಸಿರಿಯಾದ ಗಡಿಗಳು ಕೂಡುವ ಬೆಟ್ಟಗುಡ್ಡಗಳೇ ಕುರ್ದರ ನಾಡು. ಅವರ ಸಂಖ್ಯೆ ಮೂರು ಕೋಟಿಗೂ ಹೆಚ್ಚೆಂದು ಅಂದಾಜು. ಅವರ ಕುರ್ದಿ ಭಾಷೆ ಫಾರಸಿಯ ಬಂಧು. ಬಹುಪಾಲು ಸುನ್ನಿಗಳು, ನಮ್ಮ ಕರಾವಳಿಯ ಬ್ಯಾರಿಗಳಂತೆ, ನವಾಯತರಂತೆ ಹೆಚ್ಚಿನವರು ಶಾಫಿಈ ಮದ್‌ಹಬ್‌ನವರು. ಶಿಯಾ, ಅಲೆವಿ, ಯಝೀದಿ ಕುರ್ದರೂ ಇದ್ದಾರೆ.

ಮೊದಲ ಮಹಾಯುದ್ಧದಲ್ಲಿ ಉಸ್ಮಾನಿ ಸಾಮ್ರಾಜ್ಯ ಸೋತ ಬಳಿಕ, 1920ರ ಸೆವ್ರ್ ಒಪ್ಪಂದ ಕುರ್ದರಿಗೆ ಸ್ವಾಯತ್ತತೆಯ ಭರವಸೆ ಕೊಟ್ಟಿತು, ಮುಂದೆ ಸ್ವಾತಂತ್ರ್ಯ ಕೇಳುವ ದಾರಿಯನ್ನೂ ತೋರಿಸಿತು. ಆ ಒಪ್ಪಂದ ಜಾರಿಗೆ ಬರಲೇ ಇಲ್ಲ. 1923ರ ಲೋಸಾನ್ ಒಪ್ಪಂದದಲ್ಲಿ ಕುರ್ದರ ಹೆಸರೇ ಇರಲಿಲ್ಲ. 1946ರಲ್ಲಿ ಇರಾನಿನ ಮಹಾಬಾದ್‌ನಲ್ಲಿ ಅವರು ಸ್ಥಾಪಿಸಿದ ಗಣರಾಜ್ಯ ಒಂದು ವರ್ಷವೂ ಬಾಳಲಿಲ್ಲ. ಅದರ ಅಧ್ಯಕ್ಷ ಖಾಝಿ ಮುಹಮ್ಮದರನ್ನು 1947ರಲ್ಲಿ ಗಲ್ಲಿಗೇರಿಸಲಾಯಿತು. ತುರ್ಕಿಯಲ್ಲಿ ಕುರ್ದಿ ಭಾಷೆಯ ಪ್ರಕಟಣೆಯನ್ನು ನಿಷೇಧಿಸುವ ಕಾನೂನು 1991ರವರೆಗೂ ಇತ್ತು.

ಎಲ್ಲಕ್ಕಿಂತ ಘೋರವಾದುದು ಇರಾಕಿನಲ್ಲಿ ನಡೆಯಿತು. 1988ರಲ್ಲಿ ಸದ್ದಾಮ್ ಸರಕಾರ ಸಾವಿರಾರು ಕುರ್ದ್ ಹಳ್ಳಿಗಳನ್ನು ನೆಲಸಮ ಮಾಡಿದ ಕಾರ್ಯಾಚರಣೆಗೆ 'ಅನ್‌ಫಾಲ್' ಎಂದು ಹೆಸರಿಟ್ಟಿತು. ಅದು ಪವಿತ್ರ ಕುರ್‌ಆನಿನ ಒಂದು ಅಧ್ಯಾಯದ ಹೆಸರು! ಅದೇ ವರ್ಷ ಮಾರ್ಚ್ 16ರಂದು ಹಲಬ್ಜ ಪಟ್ಟಣದ ಮೇಲೆ ವಿಷಾನಿಲದ ದಾಳಿ ನಡೆಯಿತು. ಸುಮಾರು 5,000 ಮಂದಿ ಸತ್ತರು. ತಾಯಂದಿರು ಎದೆಗಪ್ಪಿದ ಮಕ್ಕಳೊಂದಿಗೇ ಬೀದಿಯಲ್ಲಿ ಬಿದ್ದಿದ್ದರು. ಕೊಂದವರೂ ಸತ್ತವರೂ ಒಂದೇ ಕಿಬ್ಲಾದ ಕಡೆ ಮುಖ ಮಾಡುವವರು.

ಹಾಗಾದರೆ ಕುರ್ದರು ಕೇಳುವುದೇನು? ಎಲ್ಲರ ಬೇಡಿಕೆ ಒಂದೇ ಅಲ್ಲ. ಇರಾಕಿನಲ್ಲಿ 2005ರ ಸಂವಿಧಾನದಡಿ ಅವರಿಗೆ ಸ್ವಂತ ಸಂಸತ್ತು, ಸರಕಾರ ಇದೆ. 2017ರ ಜನಮತಗಣನೆಯಲ್ಲಿ 90 ಶೇಕಡಾಕ್ಕೂ ಹೆಚ್ಚು ಮಂದಿ ಸ್ವಾತಂತ್ರ್ಯಕ್ಕೆ ಮತ ಹಾಕಿದರೂ ಬಗ್ದಾದ್ ಒಪ್ಪಲಿಲ್ಲ. ತುರ್ಕಿಯಲ್ಲಿ ಅನೇಕರು ಕೇಳುವುದು ಮಾತೃಭಾಷೆಯ ಶಿಕ್ಷಣ, ಸಮಾನ ಹಕ್ಕು. ಅಲ್ಲಿ 1984ರಿಂದ ಬಂದೂಕು ಹಿಡಿದಿದ್ದ ಪಿಕೆಕೆ ಸಂಘಟನೆ 2025ರಲ್ಲಿ ತನ್ನನ್ನು ವಿಸರ್ಜಿಸುವುದಾಗಿ ಘೋಷಿಸಿತು. ಆ ಹೋರಾಟದಲ್ಲಿ ನಿರಪರಾಧಿಗಳೂ ಸತ್ತಿದ್ದಾರೆ. ಅದನ್ನೂ ನಾವು ಸಮರ್ಥಿಸಲಾರೆವು.

ಗಡಿ ಎಲ್ಲಿರಬೇಕೆಂದು ಮಿಂಬರ್‌ನಿಂದ ತೀರ್ಪು ಕೊಡುವುದು ನಮ್ಮ ಕೆಲಸವಲ್ಲ. ಆದರೆ ಭಾಷೆ, ಬಣ್ಣ, ಬುಡಕಟ್ಟುಗಳ ವೈವಿಧ್ಯ ಅಲ್ಲಾಹನ ಸೃಷ್ಟಿ. ಅದನ್ನು ಅಳಿಸುವ ಅಧಿಕಾರ ಯಾವ ಆಳುವವನಿಗೂ ಇಲ್ಲ. ಪರರು ನಮ್ಮವರನ್ನು ಕೊಂದಾಗ ಅಳುವ ನಾವು, ನಮ್ಮವರೇ ಕೊಂದಾಗ ಮೌನವಾಗಿದ್ದೆವು. ನ್ಯಾಯದ ಸಾಕ್ಷಿಗಳಾಗಬೇಕೆಂಬ ಆಜ್ಞೆ ನಮ್ಮ ವಿರುದ್ಧವೇ ಸಾಕ್ಷಿ ಹೇಳಬೇಕಾದಾಗಲೂ ಅನ್ವಯಿಸುತ್ತದೆ. ಇನ್ನು ಮಕ್ಕಳಿಗೆ ಸಲಾಹುದ್ದೀನರ ಕಥೆ ಹೇಳುವಾಗ ಹಲಬ್ಜದ ಕಥೆಯನ್ನೂ ಹೇಳೋಣ.